ಕಡೆಯ ಪಂಕ್ತಿ

ಮನುಷ್ಯದೇಹದ ಒಳಗಿನ ಅವಯವಗಳಿಗೆಲ್ಲ ಒಂದೇ ಬಗೆಯ ಮರ್ಯಾದೆ ದೊರೆತಿಲ್ಲ. ಹೃದಯವನ್ನು ಕವಿಗಳು ಹಾಡಿ ಹೊಗಳಿದರು; ಮಿದುಳನ್ನು ಪಂಡಿತರು ತಮ್ಮ ಸ್ವಂತ ಆಸ್ತಿಯೆಂಬಂತೆ ಕೊಂಡಾಡಿದರು; ಹೊಟ್ಟೆಯನ್ನು ದಾಸರು ಬಯ್ದಾದರೂ ನೆನೆದರು. ಯಕೃತ್ತಿನ ಅಡಿಯಲ್ಲಿ, ಬಲಪಕ್ಕೆಯ ಮರೆಯಲ್ಲಿ, ಎಳೆಯ ಬದನೆಕಾಯಿಯಂತೆ ತೂಗುತ್ತಿರುವ ಪಿತ್ತಕೋಶವನ್ನು ಮಾತ್ರ ಕೇಳಿದವರಿಲ್ಲ. ಯಾರಿಗಾದರೂ ಸಿಟ್ಟು ಬಂದಾಗ "ಪಿತ್ತ ನೆತ್ತಿಗೇರಿತು" ಎನ್ನುತ್ತೇವೆ. ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಬೇಸಗೆಯಲ್ಲಿ ಕಣ್ಣುರಿದರೂ ಪಿತ್ತವೇ. ಆಯುರ್ವೇದ ಹೇಳುವ ಪಿತ್ತ ಮೂರು ದೋಷಗಳಲ್ಲಿ ಒಂದು. ಅದು ಮೈಯೆಲ್ಲ ವ್ಯಾಪಿಸಿರುವ ಒಂದು ತತ್ತ್ವ. ನಾನು ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ, ಹಸುರು ಮಿಶ್ರವಾದ ಹಳದಿ ಬಣ್ಣದ ಪಿತ್ತರಸವನ್ನೂ ಅದನ್ನು ತುಂಬಿಟ್ಟುಕೊಳ್ಳುವ ಆ ಪುಟ್ಟ ಚೀಲವನ್ನೂ ಕುರಿತು ಹೇಳಬೇಕಾಗಿದೆ.

ನಾನು ವೈದ್ಯನಲ್ಲ. ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯೇ ತಲೆ ನರೆತು ನಿವೃತ್ತನಾದವನು. ಇಂಥವನು ದೇಹದೊಳಗಿನ ಒಂದು ಚೀಲದ ವಿಚಾರವಾಗಿ ಬರೆಯುವುದಕ್ಕೆ ಕಾರಣವೇನೆಂದು ವಾಚಕರು ಕೇಳಬಹುದು. ಕಾರಣ ಒಂದು ಹಳೆಯ ಕಾಗದ. ಅದನ್ನು ನಾನು ಒಮ್ಮೆ ಓದಿ, ಬೇಗನೆ ಮಡಿಸಿ, ಅದು ಯಾರದೋ ಅವರ ಕೈಗೆ ಹಿಂದಿರುಗಿಸಿದ್ದೆ. ಅದು ಇಂದಿಗೂ ನನ್ನ ಮನಸ್ಸಿನಲ್ಲಿ ಮಡಿಕೆ ಬಿಚ್ಚಿಕೊಂಡೇ ಇದೆ.

1991ರಲ್ಲಿ ನನಗೆ ವಾರಾಣಸಿಗೆ ವರ್ಗವಾಯಿತು. ಕಾಶಿಗೆ ಹೋಗುವುದೆಂದರೆ ನಮ್ಮವರಿಗೆ ಒಂದು ಬಗೆಯ ಸಂಭ್ರಮ. ವರ್ಗದ ಹುಕುಮನ್ನು ನೋಡಿ ನನ್ನ ತಾಯಿ ಕೈಮುಗಿದರು. ಅಸ್ಸೀ ಘಟ್ಟಕ್ಕೆ ಕಾಲ್ನಡಿಗೆಯ ದೂರದಲ್ಲಿ, ಎರಡು ಸೈಕಲ್ಲುಗಳು ಎದುರುಬದುರಾದರೆ ಒಂದು ನಿಲ್ಲಲೇಬೇಕಾದಂಥ ಒಂದು ಗಲ್ಲಿಯಲ್ಲಿ ನಮಗೆ ಮಹಡಿಯ ಮೇಲೆ ಎರಡು ಕೋಣೆಗಳು ಬಾಡಿಗೆಗೆ ದೊರೆತವು. ಕೆಳಗೆ ಮನೆಯ ಯಜಮಾನರ ಸಂಸಾರ: ಅತ್ತೆ, ಮಾವ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಟ್ಟಿಗೆ ಎಂಟು ಮಕ್ಕಳು. ಅವರಲ್ಲಿ ಐವರು ಹಿರಿಯ ಸೊಸೆಯ ಮಕ್ಕಳು. ನನ್ನ ಹೆಂಡತಿ ಆಕೆಯನ್ನು ಭಾಭೀಜಿ ಎಂದು ಕರೆಯುತ್ತಿದ್ದಳು; ನಾನೂ ಹಾಗೆಯೇ ಕರೆದೆ. ಆಕೆ ನನಗೆ ಭಾಯೀಸಾಹೇಬ್ ಎನ್ನುತ್ತಿದ್ದರು. ಆಗ ಆಕೆಗೆ ನಲವತ್ತು ತುಂಬಿರಲಿಲ್ಲ.

ಭಾಭೀಜಿಯ ಊಟದ ಹೊತ್ತು ಯಾವುದೆಂದು ನನ್ನ ಹೆಂಡತಿ ಕಂಡುಕೊಳ್ಳಲು ಆರು ತಿಂಗಳು ಬೇಕಾದವು. ಬೆಳಗಿನಲ್ಲಿ ಒಂದು ಲೋಟ ಚಹಾ. ಆಮೇಲೆ ಮಕ್ಕಳ ಡಬ್ಬಿ, ಗಂಡಸರ ಊಟ, ಮಾವನವರ ಪೂಜೆ ಮುಗಿದ ಮೇಲೆ ಅವರ ಊಟ, ಅತ್ತೆಯ ಊಟ, ಕಿರಿಯ ಸೊಸೆಗೆ ಎಳೆಯ ಮಗುವಿದ್ದುದರಿಂದ ಅವಳ ಊಟ. ಅನಂತರ ಪಾತ್ರೆಯ ತಳದಲ್ಲಿ ಉಳಿದದ್ದು ಭಾಭೀಜಿಗೆ. ಆಗ ಗಡಿಯಾರ ಮೂರು ದಾಟಿರುತ್ತಿತ್ತು. ರಾತ್ರಿಯೂ ಇದೇ ಕ್ರಮ. ಇದರ ಮೇಲೆ ಏಕಾದಶಿ, ತೀಜ್, ಛಠ್. ಆಶ್ವಯುಜ ಕೃಷ್ಣಪಕ್ಷದಲ್ಲಿ ಬರುವ ಜಿತಿಯಾ ಎಂಬ ವ್ರತದಂದು ಮಕ್ಕಳ ಆಯುಷ್ಯಕ್ಕಾಗಿ ತಾಯಂದಿರು ಹನಿ ನೀರನ್ನೂ ಮುಟ್ಟುವುದಿಲ್ಲ. ಭಾಭೀಜಿ ಇದನ್ನೆಲ್ಲ ಕಷ್ಟವೆಂದು ಒಂದು ದಿನವೂ ಹೇಳಿದವರಲ್ಲ. ಉಪವಾಸದ ದಿನ ಆಕೆಯ ಮುಖದಲ್ಲಿ ಒಂದು ಹೊಳಪೇ ಇರುತ್ತಿತ್ತು.

ಆಗಾಗ ಮಾತ್ರ ಆಕೆ ಬಲಪಕ್ಕೆಯನ್ನು ಒತ್ತಿಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಡುವರು. ಕೇಳಿದರೆ "ಗ್ಯಾಸ್" ಎಂದು ಒಂದೇ ಮಾತು. ಓಮ, ಇಂಗು, ಕಪ್ಪು ಉಪ್ಪು—ಇಷ್ಟರಲ್ಲಿ ಚಿಕಿತ್ಸೆ ಮುಗಿಯುತ್ತಿತ್ತು. 1993ರಲ್ಲಿ ಒಂದು ರಾತ್ರಿ ನೋವು ಬೆನ್ನಿಗೂ ಬಲಹೆಗಲಿಗೂ ಹರಡಿ, ವಾಂತಿಯಾಗಿ, ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಸ್ಕ್ಯಾನಿಂಗ್ ಮಾಡಿದರು. ಪಿತ್ತಕೋಶದಲ್ಲಿ ಕಲ್ಲುಗಳಿವೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ವೈದ್ಯರು ಹೇಳಿ ಕಳುಹಿಸಿದರು. ಮರುದಿನ ಭಾಭೀಜಿ ಆ ಕಾಗದವನ್ನು ಸೆರಗಿನಲ್ಲಿಟ್ಟುಕೊಂಡು ಮಹಡಿ ಹತ್ತಿ ಬಂದರು. ಅದು ಇಂಗ್ಲಿಷಿನಲ್ಲಿತ್ತು. "ಭಾಯೀಸಾಹೇಬ್, ಇದರಲ್ಲಿ ಏನು ಬರೆದಿದೆ, ಓದಿ ಹೇಳಿ" ಎಂದರು.

ನಾನು ಓದಿದೆ. ಹಲವು ಕಲ್ಲುಗಳು; ಚೀಲದ ಗೋಡೆ ದಪ್ಪವಾಗಿದೆ. ನನ್ನ ಚಿಕ್ಕಪ್ಪನಿಗೂ ಇಂಥ ಕಲ್ಲುಗಳಿದ್ದವು. ಅವರು ಎಂಬತ್ತೆರಡು ವರ್ಷ ಬದುಕಿ, ಕೊನೆಯವರೆಗೂ ಬೋಂಡ ತಿಂದು, ಬೇರೇನೋ ಕಾಯಿಲೆಯಿಂದ ತೀರಿಕೊಂಡರು. ಆ ಧೈರ್ಯದಿಂದ ನಾನು ಹೇಳಿದೆ: "ಇದೇನೂ ಹೆದರುವಂಥದ್ದಲ್ಲ. ನಮ್ಮ ಕಡೆ ಎಷ್ಟೋ ಮಂದಿಗೆ ಇರುತ್ತದೆ." ಕಾಗದವನ್ನು ಮಡಿಸಿ ಕೊಟ್ಟೆ. ಆಕೆಯ ಮುಖ ಅರಳಿತು. ಆ ವರ್ಷ ಹಿರಿಯ ಮಗಳ ಮದುವೆಯಿತ್ತು. ಮುಂದಿನ ವರ್ಷ ಮಗನ ಪರೀಕ್ಷೆ. ಶಸ್ತ್ರಚಿಕಿತ್ಸೆಯ ಮಾತು ಮುಂದೆ ಮುಂದೆ ಹೋಯಿತು. 1995ರಲ್ಲಿ ನಮಗೆ ದಕ್ಷಿಣಕ್ಕೆ ವರ್ಗವಾಯಿತು. 1998ರಲ್ಲಿ ಆ ಮಗನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅಮ್ಮನಿಗೆ ಕಾಮಾಲೆಯಾಯಿತು; ಪಿತ್ತಕೋಶದ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದೆ ಎಂದರು; ಕಾಮಾಲೆ ಕಂಡ ನಾಲ್ಕನೆಯ ತಿಂಗಳಿಗೆ ಹೋಗಿಬಿಟ್ಟಳು. ಅಷ್ಟೇ ಇತ್ತು ಅದರಲ್ಲಿ.

ನಿವೃತ್ತನಾದ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ಮೊದಲು ಓದಿದ್ದು ನನ್ನ ಸಮಾಧಾನಕ್ಕೆ. ಆಮೇಲೆ ಓದಿದ್ದು ಸಮಾಧಾನ ಸಿಗದೆ.

ಯಕೃತ್ತು ದಿನವೊಂದಕ್ಕೆ ಮುಕ್ಕಾಲು ಲೀಟರಿನ ಆಸುಪಾಸಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಪಿತ್ತಕೋಶದ ಹಿಡಿತ 50 ಮಿಲಿಲೀಟರು ಮಾತ್ರ. ಆದರೆ ಅದು ಚತುರ ಗೃಹಿಣಿಯಂತೆ, ಬಂದ ರಸದ ನೀರನ್ನು ಹೀರಿ, ಸಾರವನ್ನು ಗಟ್ಟಿಮಾಡಿ ಇಟ್ಟುಕೊಳ್ಳುತ್ತದೆ. ನಾವು ಊಟಮಾಡಿ, ಅದರೊಳಗಿನ ಜಿಡ್ಡು ಸಣ್ಣ ಕರುಳಿನ ಬಾಗಿಲಿಗೆ ಬಂದಾಗ, ಕರುಳಿನಿಂದ ಒಂದು ರಸಾಯನಿಕ ಸಂದೇಶ ರಕ್ತದಲ್ಲಿ ಹೊರಡುತ್ತದೆ. ಅದು ತಲಪಿದೊಡನೆ ಚೀಲ ಹಿಂಡಿಕೊಂಡು ತನ್ನ ಸಂಗ್ರಹವನ್ನು ಕರುಳಿಗೆ ಸುರಿಯುತ್ತದೆ. ಊಟವಿಲ್ಲದಿದ್ದರೆ ಸಂದೇಶವಿಲ್ಲ, ಸಂದೇಶವಿಲ್ಲದಿದ್ದರೆ ಚೀಲ ಬರಿದಾಗುವುದಿಲ್ಲ. ನಿಂತ ನೀರು ಕೆಡುವಂತೆ ನಿಂತ ಪಿತ್ತವೂ ಕೆಡುತ್ತದೆ. ಕೆಸರಿನಂತೆ ಮಡ್ಡಿಗಟ್ಟುತ್ತದೆ, ಅದರೊಳಗಿನ ಕೊಲೆಸ್ಟರಾಲ್ ಕಲ್ಲುಸಕ್ಕರೆಯ ಹರಳಿನಂತೆ ಕೂಡಿಕೊಳ್ಳುತ್ತದೆ, ಹರಳು ಕಲ್ಲಾಗುತ್ತದೆ. ರಾತ್ರಿಯ ಊಟಕ್ಕೂ ಮರುದಿನದ ಮೊದಲ ಊಟಕ್ಕೂ ನಡುವಿನ ಅಂತರ ಬಹಳ ದೀರ್ಘವಾದ ಹೆಂಗಸರಲ್ಲಿ ಕಲ್ಲುಗಳು ಹೆಚ್ಚಾಗಿ ಕಂಡುಬಂದುದನ್ನು ಪರದೇಶಗಳ ಅಧ್ಯಯನಗಳೂ ತೋರಿಸಿವೆ.

ಇದನ್ನು ಓದಿದಾಗ ನನಗೆ ಅಸ್ಸೀಯ ಆ ಅಡಿಗೆಮನೆ ಕಣ್ಣಿಗೆ ಕಟ್ಟಿತು. ಗಡಿಯಾರದ ಮೂರು ಗಂಟೆಯೂ ಕಟ್ಟಿತು.

ಹೆಂಗಸಿನ ಪಾಲಿಗೆ ಇನ್ನೂ ಒಂದು ಹೊರೆಯುಂಟು. ಬಸುರಿನ ಕಾಲದಲ್ಲಿ ಏರುವ ಒಂದು ಹಾರ್ಮೋನು ಪಿತ್ತದಲ್ಲಿ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ. ಮತ್ತೊಂದು ಪಿತ್ತಕೋಶದ ಸ್ನಾಯುವನ್ನು ಸಡಿಲಗೊಳಿಸಿ ಅದನ್ನು ಸೋಮಾರಿಯಾಗಿಸುತ್ತದೆ. ಚಿಕ್ಕ ವಯಸ್ಸಿಗೆ ಮದುವೆ, ಮೇಲಿಂದ ಮೇಲೆ ಬಸುರು, ಐದಾರು ಹೆರಿಗೆ—ಇವು ಒಂದೊಂದೂ ಕಲ್ಲಿನ ಹಾದಿಗೆ ಒಂದೊಂದು ಮೆಟ್ಟಿಲು. ಪಿತ್ತಕೋಶದ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿರುವುದು ಸುಮ್ಮನೆ ಅಲ್ಲ. ಈ ಕ್ಯಾನ್ಸರ್ ಬಂದವರಲ್ಲಿ 100ಕ್ಕೆ 70ರಿಂದ 90 ಮಂದಿಗೆ ಕಲ್ಲುಗಳಿರುತ್ತವೆ. ವರ್ಷಗಟ್ಟಲೆ ಒಳಗೋಡೆಯನ್ನು ಉಜ್ಜುತ್ತಾ ಉರಿಯೂತವನ್ನು ಉಳಿಸಿಕೊಂಡು ಬರುವ ಕಲ್ಲು ಕ್ರಮೇಣ ಜೀವಕೋಶಗಳ ಸ್ವಭಾವವನ್ನೇ ಕೆಡಿಸುತ್ತದೆಂದು ವಿದ್ವಾಂಸರ ಮತ. ಕಲ್ಲಿನ ಗಾತ್ರ 3 ಸೆಂಟಿಮೀಟರು ಮೀರಿದರೆ ಅಪಾಯವೂ ಬಹಳ ಏರುತ್ತದೆ.

ಹಾಗೆಂದು ಕಲ್ಲಿರುವವರೆಲ್ಲರೂ ಬೆಚ್ಚಿಬೀಳಬೇಕಾಗಿಲ್ಲ. ಕಲ್ಲಿರುವ 100 ಮಂದಿಯಲ್ಲಿ 97ಕ್ಕೂ ಹೆಚ್ಚು ಜನರಿಗೆ ಈ ಕೇಡು ಬರುವುದೇ ಇಲ್ಲ. ನನ್ನ ಚಿಕ್ಕಪ್ಪ ಆ ದೊಡ್ಡ ಗುಂಪಿನವರು. ನಾನು ಭಾಭೀಜಿಗೆ ಹೇಳಿದ್ದು ನಮ್ಮ ಊರಿನ ಮಟ್ಟಿಗೆ ಬಹುಪಾಲು ಸತ್ಯವೇ ಆಗಿತ್ತು. ತಪ್ಪಿದ್ದು ಒಂದೇ: ಅದನ್ನು ನಾನು ಹೇಳಿದ್ದು ಗಂಗೆಯ ದಡದಲ್ಲಿ.

ರೋಗಗಳಿಗೂ ಒಂದು ಭೂಗೋಳವುಂಟೆಂಬುದನ್ನು ನಾನು ಆಗ ಅರಿತಿರಲಿಲ್ಲ. ಅದನ್ನು ಕಂಡುಹಿಡಿದು ಹೇಳಿದವರಲ್ಲಿ ನಮ್ಮ ರೈಲ್ವೆಯ ವೈದ್ಯರೊಬ್ಬರು ಇದ್ದರೆಂದು ಓದಿ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಎಸ್. ಎಲ್. ಮಲ್ಹೋತ್ರಾ ಎಂಬವರು ದೇಶದ ರೈಲ್ವೆ ನೌಕರರ ಕಾಯಿಲೆಗಳ ಲೆಕ್ಕವನ್ನು ಹೋಲಿಸಿ, ಪಿತ್ತಕೋಶದ ಕಲ್ಲು ದಕ್ಷಿಣದವರಿಗಿಂತ ಉತ್ತರದವರಲ್ಲಿ ಏಳು ಪಟ್ಟು ಹೆಚ್ಚೆಂದು 1968ರಲ್ಲಿಯೇ ಬರೆದಿದ್ದರು. ಒಂದೇ ಇಲಾಖೆಯ ಸಂಬಳ, ಒಂದೇ ಬಗೆಯ ಕೆಲಸ. ಊರು ಮತ್ತು ಊಟ ಮಾತ್ರ ಬೇರೆ. ನಾನು ಅದೇ ಇಲಾಖೆಯಲ್ಲಿ ಲೆಕ್ಕ ಬರೆಯುತ್ತಾ ಕುಳಿತಿದ್ದೆ. ಈ ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ದೇಶದಲ್ಲಿ ಕ್ಯಾನ್ಸರ್ ರೋಗಿಗಳ ಕ್ರಮಬದ್ಧವಾದ ರಾಷ್ಟ್ರೀಯ ನೋಂದಣಿ 1981–82ರಲ್ಲಿ ಆರಂಭವಾಯಿತು; ಮೊದಲ ನೋಂದಣಿ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಇಂದು ದೇಶದ ನಾನಾ ಕಡೆಗಳ ಆ ಲೆಕ್ಕಗಳನ್ನು ಕೂಡಿಸಿ ನೋಡುವ ಸಂಸ್ಥೆ ಇರುವುದೂ ಬೆಂಗಳೂರಿನಲ್ಲಿಯೇ. ಆ ಪಟ್ಟಿಗಳಲ್ಲಿ ದಿಲ್ಲಿ, ಉತ್ತರ ಪ್ರದೇಶ, ಬಿಹಾರ ಹಾಗೂ ಅಸ್ಸಾಮಿನ ಕಾಮರೂಪ, ಇಲ್ಲೆಲ್ಲ ಪಿತ್ತಕೋಶದ ಕ್ಯಾನ್ಸರ್ ಹೆಂಗಸರನ್ನು ಕಾಡುವ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ನಿಲ್ಲುತ್ತದೆ. ಬೆಂಗಳೂರು, ಚೆನ್ನೈಗಳ ಪಟ್ಟಿಯಲ್ಲಿ ಅದನ್ನು ಬಹಳ ಕೆಳಗೆ ಹುಡುಕಬೇಕು. ಗಂಗೆಯ ಬಯಲಿನ ಹೆಂಗಸಿಗೂ ಕಾವೇರಿಯ ದಡದ ಹೆಂಗಸಿಗೂ ನಡುವೆ ಇರುವ ಈ ಅಂತರ ಕೆಲವೇ ಕ್ಯಾನ್ಸರುಗಳಲ್ಲಿ ಮಾತ್ರ ಕಾಣುವಷ್ಟು ದೊಡ್ಡದು.

ಕಾರಣವೇನು? ಉತ್ತರ ಒಂದೇ ಮಾತಿನಲ್ಲಿ ದೊರೆತಿದ್ದರೆ ಈ ಲೇಖನ ಇಷ್ಟು ಬೆಳೆಯುತ್ತಿರಲಿಲ್ಲ.

ಮೊದಲು ಬೆರಳು ತೋರಿದ್ದು ಸಾಸಿವೆ ಎಣ್ಣೆಯ ಕಡೆಗೆ. ಆ ಕಡೆ ಒಗ್ಗರಣೆಗೂ ಅದೇ, ಕರಿಯುವುದಕ್ಕೂ ಅದೇ, ಸುಟ್ಟ ಬದನೆಕಾಯಿಯನ್ನು ಕಿವುಚಿ ಮಾಡುವ ಚೋಖಾದ ಮೇಲೆ ಹಸಿಯಾಗಿ ಸುರಿದುಕೊಳ್ಳುವುದಕ್ಕೂ ಅದೇ. 2020ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಈ ಎಣ್ಣೆಯನ್ನು ಹೆಚ್ಚಾಗಿ ಬಳಸುವವರಲ್ಲಿ ರೋಗವೂ ಹೆಚ್ಚಾಗಿರುವುದು ಕಂಡುಬಂತು. ಸಿಹಿನೀರಿನ ಮೀನನ್ನು ಅದರಲ್ಲಿ ಕರಿದು ತಿನ್ನುವುದಕ್ಕೂ ನಂಟು ಕಂಡಿತು. ದೋಷ ಎಣ್ಣೆಯದೋ, ಅದಕ್ಕೆ ಬೆರೆಯುವ ಕಲಬೆರಕೆಯದೋ ಎಂಬುದು ಬೇರೆ ಪ್ರಶ್ನೆ. ಹಳದಿ ಹೂವಿನ ಒಂದು ಮುಳ್ಳುಗಿಡವುಂಟು. ಹಿಂದಿಯವರು ಅದನ್ನು ಸತ್ಯಾನಾಶಿ ಎನ್ನುತ್ತಾರೆ. ಅದರ ಬೀಜ ನೋಡುವುದಕ್ಕೆ ಸಾಸಿವೆಯಂತೆಯೇ. ಅದರ ಎಣ್ಣೆ ಸಾಸಿವೆ ಎಣ್ಣೆಯೊಂದಿಗೆ ಬೆರೆತು 1998ರಲ್ಲಿ ದಿಲ್ಲಿಯಲ್ಲಿ ಸಾವಿರಾರು ಜನರಿಗೆ ಮೈ ಬಾತುಕೊಂಡು, 60ಕ್ಕೂ ಹೆಚ್ಚು ಮಂದಿ ಸತ್ತರು. ಒಮ್ಮೆಗೇ ಕೊಲ್ಲದಷ್ಟು ಅಲ್ಪ ಪ್ರಮಾಣದಲ್ಲಿ ಬಡವನ ಎಣ್ಣೆಯಲ್ಲಿ ವರ್ಷಾನುಗಟ್ಟಲೆ ಬೆರೆತು ಬಂದ ವಿಷ ಒಳಗೆ ಏನು ಮಾಡುತ್ತದೆಂಬ ಶಂಕೆಯನ್ನು ಸಂಶೋಧಕರು ಬಿಟ್ಟಿಲ್ಲ.

ಎರಡನೆಯದು ನೀರು. ವಿಷಮಶೀತ ಜ್ವರ, ಎಂದರೆ ಟೈಫಾಯ್ಡ್, ಬಂದು ಹೋದ ಮೇಲೆ ಕೆಲವರಲ್ಲಿ ಆ ಕ್ರಿಮಿ ಹೊರಟುಹೋಗದೆ ಪಿತ್ತಕೋಶದಲ್ಲಿ, ಅದರಲ್ಲಿಯೂ ಕಲ್ಲುಗಳ ಮೇಲೆ, ಪಾಚಿಯಂತೆ ಬಿಡಾರ ಹೂಡುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡಿಗೆಯಾಕೆ ಇದ್ದಳು. ಅವಳಿಗೆ ಕಾಯಿಲೆಯಿರಲಿಲ್ಲ, ಅವಳ ಕೈಯಡಿಗೆ ಉಂಡವರಿಗೆ ಜ್ವರ ಬರುತ್ತಿತ್ತು. 1907ರಲ್ಲಿ ಅವಳನ್ನು ಹಿಡಿದು ಒಂದು ದ್ವೀಪದಲ್ಲಿಟ್ಟರು. ಪಿತ್ತಕೋಶವನ್ನು ತೆಗೆಸಿಕೊಳ್ಳಲು ಅವಳು ಒಪ್ಪಲಿಲ್ಲ. 1910ರಲ್ಲಿ ಬಿಟ್ಟರು, ಮತ್ತೆ ಅಡಿಗೆಗೆ ನಿಂತಳೆಂದು 1915ರಲ್ಲಿ ಪುನಃ ಹಿಡಿದರು, 1938ರಲ್ಲಿ ಅಲ್ಲಿಯೇ ತೀರಿಕೊಂಡಳು. ಹೀಗೆ ಕ್ರಿಮಿಯನ್ನು ಒಳಗೆ ಹೊತ್ತವರಿಗೆ ಪಿತ್ತಕೋಶದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಚರಂಡಿಯೂ ನಲ್ಲಿಯೂ ಒಂದಕ್ಕೊಂದು ನೆರೆಯಾಗಿರುವ ಊರಿನಲ್ಲಿ ಈ ಮಾತಿಗೆ ಎಷ್ಟು ತೂಕವೆಂಬುದನ್ನು ಹೇಳಬೇಕಾಗಿಲ್ಲ. ಇದರ ಜೊತೆಗೆ ಗಂಗೆಯ ಬಯಲಿನ ಅನೇಕ ಕಡೆ ಕೈಪಂಪಿನ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವಿದೆ. ಬಿಹಾರ ಅಸ್ಸಾಮುಗಳ ಅಧ್ಯಯನಗಳು ಅದಕ್ಕೂ ಈ ರೋಗಕ್ಕೂ ಸಂಬಂಧವನ್ನು ಕಂಡಿವೆ.

ಮೂರನೆಯದು ಊಟದ ಎಲೆಯಲ್ಲಿ ಇಲ್ಲದಿರುವುದು. 2002ರಲ್ಲಿ ವಾರಾಣಸಿಯ ಸಂಶೋಧಕರು ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ ಮೂಲಂಗಿ, ಗೆಣಸು, ಹಸಿಮೆಣಸಿನಕಾಯಿ, ಮಾವು, ಕರಬೂಜ, ಪರಂಗಿಹಣ್ಣುಗಳನ್ನು ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಮೆಯಾಗಿ ಕಂಡಿತು. ಇದರಿಂದ ಮೂಲಂಗಿಯೇ ಮದ್ದೆಂದು ಯಾರೂ ತಿಳಿಯಬಾರದು. ದಿನವೂ ತರಕಾರಿ ಹಣ್ಣು ತಿನ್ನುವ ಮನೆ ಎಂಥದೆಂಬುದನ್ನೂ ಅದು ಹೇಳುತ್ತದೆ. ಆ ಮನೆಯಲ್ಲಿಯೂ ತರಕಾರಿ ಯಾರ ತಟ್ಟೆಯವರೆಗೆ ತಲಪುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಕಡೆಯ ಪಂಕ್ತಿಗೆ ರೊಟ್ಟಿ ಉಳಿಯುತ್ತದೆ, ಉಪ್ಪಿನಕಾಯಿ ಉಳಿಯುತ್ತದೆ. ಪಲ್ಯ ಉಳಿಯುವುದು ಅಪರೂಪ.

ನಾಲ್ಕನೆಯದು ಹುಟ್ಟಿನಿಂದ ಬಂದದ್ದು. ಪಿತ್ತದೊಳಕ್ಕೆ ಕೊಲೆಸ್ಟರಾಲನ್ನು ಕರಗಿಸಿಡುವ ಒಂದು ಬಗೆಯ ಕೊಬ್ಬನ್ನು ಸಾಗಿಸುವ ವಂಶವಾಹಿಯಲ್ಲಿ ಸಣ್ಣ ವ್ಯತ್ಯಾಸವಿದ್ದವರಿಗೆ ಅಪಾಯ ಹೆಚ್ಚೆಂದು ಅದೇ ಟಾಟಾ ಸ್ಮಾರಕ ಕೇಂದ್ರದವರು 2017ರಲ್ಲಿ ತೋರಿಸಿದರು.

ಈಗ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಕಡೆಯ ಪಂಕ್ತಿಯಲ್ಲಿ ಉಣ್ಣುವ ಹೆಂಗಸರು ಕಾಶಿಯಲ್ಲಿ ಮಾತ್ರವೇ ಇರುವುದು? ನನ್ನ ತಾಯಿ ಎಂದಾದರೂ ಮೊದಲ ಪಂಕ್ತಿಯಲ್ಲಿ ಕುಳಿತುದನ್ನು ನಾನು ಕಾಣೆ. ಮಂಡ್ಯದಲ್ಲಿಯೂ ಧಾರವಾಡದಲ್ಲಿಯೂ ಸೊಸೆಯ ಊಟ ಕಡೆಗೇ. ಹಾಗಿದ್ದೂ ನಮ್ಮಲ್ಲಿ ಈ ರೋಗ ವಿರಳ. ನಿಜ. ಆದ್ದರಿಂದಲೇ ಉಪವಾಸವೊಂದೇ ಕಾರಣವೆಂದು ನಾನು ಹೇಳಲಾರೆ. ಎಣ್ಣೆಯೊಂದೇ ಎಂದೂ ಹೇಳಲಾರೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಅಡಿಗೆಮನೆಗಳಲ್ಲಿ ಸಾಸಿವೆ ಎಣ್ಣೆಯ ವಾಡಿಕೆಯಿಲ್ಲ. ಆದರೂ ಅಲ್ಲಿನ ಮಪುಚೆ ಎಂಬ ಮೂಲನಿವಾಸಿ ಹೆಂಗಸರಲ್ಲಿ ಈ ಕ್ಯಾನ್ಸರ್ ಪ್ರಪಂಚದಲ್ಲೇ ಅತಿ ಹೆಚ್ಚಿನ ಪ್ರಮಾಣದಲ್ಲಿದೆ. ಅಲ್ಲಿ ಬೂಷ್ಟು ಹಿಡಿದ ಕೆಂಪು ಮೆಣಸಿನಕಾಯಿಯಲ್ಲಿರುವ ಅಫ್ಲಟಾಕ್ಸಿನ್ ಎಂಬ ವಿಷದ ಮೇಲೆ ಸಂಶೋಧಕರ ಕಣ್ಣು ಬಿದ್ದಿದೆ. ಹಗ್ಗದ ಎಳೆಗಳು ಊರಿಂದೂರಿಗೆ ಬೇರೆ ಬೇರೆ. ಆದರೆ ಕಾಶಿಯ ಗಲ್ಲಿಯಲ್ಲಿಯೂ ಚಿಲಿಯ ಹಳ್ಳಿಯಲ್ಲಿಯೂ ಆ ಹಗ್ಗದ ಕೊನೆಗೆ ಸಿಕ್ಕಿಕೊಂಡಿರುವವಳು ಹೆಚ್ಚು ಕಡಮೆ ಒಬ್ಬಳೇ: ಬಡವಿ, ಹೆಚ್ಚು ಓದಿಲ್ಲದವಳು, ಹಲವು ಮಕ್ಕಳನ್ನು ಹೆತ್ತವಳು, ತನ್ನ ನೋವಿಗೆ "ಗ್ಯಾಸ್" ಎಂದು ಹೆಸರಿಟ್ಟು ಕೆಲಸಕ್ಕೆ ಏಳುವವಳು.

ಈ ಕ್ಯಾನ್ಸರಿನ ದೊಡ್ಡ ದ್ರೋಹ ಅದರ ಮೌನ. ಆರಂಭದಲ್ಲಿ ಅದಕ್ಕೆ ತನ್ನದೇ ಆದ ನೋವಿಲ್ಲ. ಇದ್ದರೂ ಕಲ್ಲಿನ ನೋವಿನಂತೆಯೇ. ಕಾಮಾಲೆ ಕಾಣುವ ವೇಳೆಗೆ ಸಾಮಾನ್ಯವಾಗಿ ಅದು ಯಕೃತ್ತನ್ನೋ ಪಿತ್ತನಾಳವನ್ನೋ ಹಿಡಿದಾಗಿರುತ್ತದೆ. ಬೇಗ ಪತ್ತೆಯಾಗುವ ಸಂದರ್ಭಗಳಲ್ಲಿ ಬಹಳಷ್ಟು ಆಕಸ್ಮಿಕವಾದವು: ಕಲ್ಲಿಗೆಂದು ತೆಗೆದ ಪಿತ್ತಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊಳಕೆಯಲ್ಲಿಯೇ ಸಿಕ್ಕಿಬೀಳುತ್ತದೆ. ಅಂಥವರು ಎಷ್ಟೋ ಮಂದಿ ಬದುಕಿ ಬಾಳಿದ್ದಾರೆ. ತೆಗೆದ ಚೀಲವನ್ನು ಪರೀಕ್ಷೆಗೆ ಕಳುಹಿಸದೆ ಎಸೆಯಬಾರದೆಂದು ಬಲ್ಲ ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯ ಮೊದಲ ಬಾರಿಗೆ ಪಿತ್ತಕೋಶವನ್ನು ಕೊಯ್ದು ತೆಗೆದದ್ದು 1882ರಲ್ಲಿ. ಇಂದು ಅದು ಸಣ್ಣ ರಂಧ್ರಗಳ ಮೂಲಕ ನಡೆದು, ರೋಗಿ ಒಂದೆರಡು ದಿನದಲ್ಲಿ ಮನೆಗೆ ಬರುವಷ್ಟು ಸುಲಭವಾಗಿದೆ. ಚಿಲಿ ದೇಶದವರು 2006ರಿಂದ 35ರಿಂದ 49 ವರ್ಷದೊಳಗಿನ ಕಲ್ಲುಳ್ಳವರಿಗೆ, ಕ್ಯಾನ್ಸರನ್ನು ತಡೆಯುವ ಉದ್ದೇಶದಿಂದಲೇ, ಈ ಶಸ್ತ್ರಚಿಕಿತ್ಸೆಯನ್ನು ಕಾನೂನಿನ ಹಕ್ಕಾಗಿ ಮಾಡಿದ್ದಾರೆ. ನಮ್ಮಲ್ಲಿ ಅಂಥ ಹಕ್ಕಿಲ್ಲ. ನೋವೇ ಇಲ್ಲದ ಎಲ್ಲ ಕಲ್ಲುಗಳನ್ನೂ ಎಲ್ಲ ಕಡೆಯೂ ತೆಗೆಯಬೇಕೆಂಬ ವಿಧಿಯೂ ಇಲ್ಲ. ಅದು ವೈದ್ಯರು ರೋಗಿಯನ್ನು ನೋಡಿ ನಿರ್ಣಯಿಸಬೇಕಾದ ಮಾತು. ಆದರೆ ನೋವು ಕೊಡುವ ಕಲ್ಲು, ದಪ್ಪವಾದ ಗೋಡೆ, ದೊಡ್ಡ ಗಾತ್ರ, ಗಂಗೆಯ ಬಯಲಿನ ಹುಟ್ಟು—ಇವು ಒಂದೇ ಕಾಗದದಲ್ಲಿ ಕೂಡಿದಾಗ "ಇದೇನೂ ಅಲ್ಲ" ಎನ್ನುವ ಅಧಿಕಾರ ನನ್ನಂಥ ಲೆಕ್ಕಿಗನಿಗೆ ಇರಲಿಲ್ಲ.

ಶಸ್ತ್ರಚಿಕಿತ್ಸೆಯಾಗಿದ್ದರೆ ಭಾಭೀಜಿ ಬದುಕಿರುತ್ತಿದ್ದರೆ? ಹಾಗೆಂದು ಯಾರೂ ಪ್ರಮಾಣಮಾಡಿ ಹೇಳಲಾರರು. ಅವರ ಮನೆಯವರು ನನ್ನ ಮಾತನ್ನು ಕೇಳಿಯೇ ಸುಮ್ಮನಾದರೆಂದೂ ಅಲ್ಲ. ಮದುವೆ, ಪರೀಕ್ಷೆ, ಖರ್ಚು, ಅಡಿಗೆ ಮಾಡುವವರಾರೆಂಬ ಚಿಂತೆ, ಎಲ್ಲವೂ ಇದ್ದವು. ಎಲ್ಲಕ್ಕಿಂತ ಮಿಗಿಲಾಗಿ ಆಕೆಯೇ ತನ್ನನ್ನು ಎಲ್ಲದರ ಕೊನೆಗೆ ಇಟ್ಟುಕೊಂಡಿದ್ದರು. ಊಟಕ್ಕೆ ಕಡೆಯವರಾದವರು ಔಷಧಕ್ಕೂ ಕಡೆಯವರೇ ಆಗುತ್ತಾರೆ. ಆದರೂ ಆ ದಿನ ಆಕೆ ಮಹಡಿ ಹತ್ತಿ ಬಂದದ್ದು ಒಂದು ಮಾತಿಗಾಗಿ. ನಾನು ಕೊಟ್ಟದ್ದು ಮುಂದೆ ಹಾಕುವುದಕ್ಕೆ ಬೇಕಾದ ನೆಪ.

ಈಗ ನಾವು ಬೆಂಗಳೂರಿನಲ್ಲಿದ್ದೇವೆ. ಎರಡು ವರ್ಷದ ಹಿಂದೆ ನಮ್ಮ ಎದುರಿನ ನಿವೇಶನದಲ್ಲಿ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿನ ಕಾವಲುಗಾರ ಬಲಿಯಾ ಜಿಲ್ಲೆಯವನು. ತಗಡಿನ ಜೋಪಡಿಯಲ್ಲಿ ಹೆಂಡತಿ, ಮೂರು ಮಕ್ಕಳು. ಕಾಶಿಯ ಹಿಂದಿ ಮರೆಯದ ನನ್ನ ಹೆಂಡತಿಗೆ ಆ ಹುಡುಗಿಯೊಡನೆ ಸ್ನೇಹವಾಯಿತು. ಒಂದು ಸಂಜೆ ಅವಳು ಇಟ್ಟಿಗೆಯ ರಾಶಿಯ ಮೇಲೆ ಬಲಪಕ್ಕೆಯನ್ನು ಒತ್ತಿಹಿಡಿದು ಕುಳಿತಿದ್ದಳು. "ಏನಮ್ಮಾ?" ಎಂದು ನನ್ನ ಹೆಂಡತಿ ಕೇಳಿದಳು. "ಏನಿಲ್ಲ ಚಾಚೀ, ಗ್ಯಾಸ್" ಎಂದಳು ಅವಳು. ನನ್ನ ಹೆಂಡತಿ ತಿರುಗಿ ನನ್ನ ಮುಖ ನೋಡಿದಳು. ಇಬ್ಬರೂ ಮಾತಾಡಲಿಲ್ಲ.

ಮರುದಿನ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗಿನಲ್ಲಿ ಕಲ್ಲುಗಳು ಕಂಡವು. ಛಠ್ ಮುಗಿಯಲಿ, ಊರಿಗೆ ಹೋಗಿ ಬಂದು ನೋಡೋಣ ಎಂದು ಅವಳ ಗಂಡ ಅಂದ. ಅವನದು ತಪ್ಪೆನ್ನಲಾರೆ, ಒಂದು ದಿನದ ಕೂಲಿ ಹೋದರೆ ಒಂದು ದಿನದ ಒಲೆ ಆರುತ್ತದೆ. ನಾನು ಅವನನ್ನು ಕೂರಿಸಿಕೊಂಡು, ಅಸ್ಸೀಯ ಮನೆಯ ಕಥೆಯನ್ನು ಮೊದಲಿನಿಂದ ಕಡೆಯವರೆಗೆ, ನನ್ನ ಪಾಲನ್ನೂ ಮುಚ್ಚಿಡದೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಆ ತಿಂಗಳಲ್ಲಿಯೇ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯವರು ಅವಳ ಕಲ್ಲುಗಳನ್ನು ಒಂದು ಸಣ್ಣ ಶೀಶೆಯಲ್ಲಿ ಹಾಕಿಕೊಟ್ಟಿದ್ದರು. ಮಕ್ಕಳು ಅದನ್ನು ಗಲಗಲ ಆಡಿಸುತ್ತಾ ಓಡಾಡಿದವು.

ಹತ್ತು ದಿನಗಳ ಮೇಲೆ ತೆಗೆದ ಚೀಲದ ಪರೀಕ್ಷೆಯ ವರದಿ ಬಂತು. ಅದು ಇಂಗ್ಲಿಷಿನಲ್ಲಿತ್ತು. ಗಂಡಹೆಂಡಿರಿಬ್ಬರೂ ನಮ್ಮ ಜಗಲಿಗೆ ಬಂದು, "ಚಾಚಾಜಿ, ಇದರಲ್ಲಿ ಏನು ಬರೆದಿದೆ, ಓದಿ ಹೇಳಿ" ಎಂದರು. ನಾನು ಕನ್ನಡಕ ಹಾಕಿಕೊಂಡು ಒಂದು ಸಲ ಓದಿದೆ. ಇನ್ನೊಂದು ಸಲ ಓದಿದೆ. ಹಳೆಯ ಉರಿಯೂತ, ಕ್ಯಾನ್ಸರಿನ ಸುಳಿವಿಲ್ಲ. ಹಾಗೆಂದು ಹೇಳಿದೆ. ಆದರೂ ಕಾಗದವನ್ನು ಮಡಿಸಲು ಕೈ ಬರಲಿಲ್ಲ. "ನಾಳೆ ಇದನ್ನು ಡಾಕ್ಟರಿಗೂ ತೋರಿಸಿ ಬರೋಣ" ಎಂದೆ. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ತಟ್ಟೆಗಳನ್ನು ತಂದಳು. ಮೊದಲನೆಯದನ್ನು ಆ ಹುಡುಗಿಯ ಮುಂದೆ ಇಟ್ಟಳು.